ಬಗೆಹರಿಯದ ಪ್ರಶ್ನೆಗಳಲ್ಲಿ ಯಾವುದಕ್ಕೆ ಬಿಡುವಿನ ವರ್ಷಗಳನ್ನು ಕೊಡಬಹುದು?

ಎಂಜಿನಿಯರಿಂಗ್ ಅಥವಾ ಎಂ.ಎಸ್ಸಿ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಗಣಿತ, ಭೌತವಿಜ್ಞಾನ, ಕಂಪ್ಯೂಟರ್ ವಿಜ್ಞಾನಗಳ ನಂಟನ್ನು ಬಿಡದವರಲ್ಲಿ ಅನೇಕರು, ಇನ್ನೂ ಯಾರೂ ಬಿಡಿಸದ ಪ್ರಶ್ನೆಯೊಂದನ್ನು ಕೈಗೆತ್ತಿಕೊಳ್ಳಬೇಕೆಂದು ಒಂದಲ್ಲ ಒಂದು ದಿನ ಬಯಸುತ್ತಾರೆ. ಬಯಕೆಯಲ್ಲಿ ತಪ್ಪೇನೂ ಇಲ್ಲ. ಎಡವುವುದು ಆಯ್ಕೆಯಲ್ಲಿ: ಪ್ರಶ್ನೆಯ ಹೆಸರು ಎಷ್ಟು ದೊಡ್ಡದು, ಅದಕ್ಕೆ ಎಷ್ಟು ಬಹುಮಾನ ಕಟ್ಟಿದ್ದಾರೆ ಎಂಬುದನ್ನೇ ನೋಡಿ ಆರಿಸಿಕೊಂಡವರು ವರ್ಷಗಟ್ಟಲೆ ದುಡಿದೂ ತಾವು ಮುಂದೆ ಹೋಗಿದ್ದೇವೆಯೇ, ನಿಂತಲ್ಲೇ ಇದ್ದೇವೆಯೇ ಎಂಬುದನ್ನು ತಿಳಿಯಲಾರದೆ ಉಳಿಯುತ್ತಾರೆ. ವಾರಕ್ಕೆ ಕೆಲವೇ ಗಂಟೆಗಳ ಬಿಡುವು, ಒಂದು ಸಾಧಾರಣ ಲ್ಯಾಪ್‌ಟಾಪ್ ಮತ್ತು ಪದವಿ ಮಟ್ಟದ ಗಣಿತ ಇಷ್ಟನ್ನೇ ಬಂಡವಾಳವಾಗಿ ಉಳ್ಳ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು, ಕೆಲವು ಪ್ರಸಿದ್ಧ ಪ್ರಶ್ನೆಗಳನ್ನೂ ಅಷ್ಟು ಪ್ರಸಿದ್ಧವಲ್ಲದ ಕೆಲವನ್ನೂ ಇಲ್ಲಿ ಹೋಲಿಸಿದ್ದೇನೆ.

ಹೋಲಿಕೆಗೆ ನಾನು ಬಳಸುವ ಅಳತೆಗೋಲುಗಳು ಮುಖ್ಯವಾಗಿ ಎರಡು. ಆ ದೊಡ್ಡ ಪ್ರಶ್ನೆಯ ಕೆಳಗೆ ಏರಿ ಹೋಗಲು ಮೆಟ್ಟಿಲುಗಳಿವೆಯೇ, ಅಂದರೆ ಪೂರ್ಣ ಉತ್ತರ ಸಿಗದಿದ್ದರೂ ಪ್ರಕಟಣೆಗೆ ತಕ್ಕ ಸಣ್ಣ ಫಲಿತಾಂಶಗಳು ಸಾಧ್ಯವೇ ಎಂಬುದು ಮೊದಲನೆಯದು. ನಿಮ್ಮ ಉತ್ತರ ತಪ್ಪಾಗಿದ್ದರೆ ಅದು ನಿಮಗೆ ಎಷ್ಟು ಬೇಗ, ಯಾರ ಹಂಗೂ ಇಲ್ಲದೆ, ತಿಳಿಯುತ್ತದೆ ಎಂಬುದು ಎರಡನೆಯದು. ವಿಶ್ವವಿದ್ಯಾಲಯದಲ್ಲಿರುವವರಿಗೆ ತಪ್ಪು ತೋರಿಸಿಕೊಡಲು ಸಹೋದ್ಯೋಗಿಗಳಿರುತ್ತಾರೆ, ಸೆಮಿನಾರುಗಳಿರುತ್ತವೆ. ಹೊರಗಿನಿಂದ ಕೆಲಸ ಮಾಡುವವರಿಗೆ ಆ ಸೌಲಭ್ಯವಿಲ್ಲದ ಕಾರಣ ನಾನು ಎರಡನೆಯ ಅಳತೆಗೋಲಿಗೇ ಹೆಚ್ಚು ತೂಕ ಕೊಡುತ್ತೇನೆ.

ಬಹುಮಾನ ಕಟ್ಟಿರುವ ಪ್ರಶ್ನೆಗಳು

ಕ್ಲೇ ಗಣಿತ ಸಂಸ್ಥೆಯು 2000ದ ಮೇ 24ರಂದು ಪ್ಯಾರಿಸ್‌ನಲ್ಲಿ ಏಳು ಪ್ರಶ್ನೆಗಳನ್ನು ಪ್ರಕಟಿಸಿ, ಒಂದೊಂದಕ್ಕೂ 10 ಲಕ್ಷ ಡಾಲರ್ ಬಹುಮಾನ ಘೋಷಿಸಿತು. ಆ ಏಳರಲ್ಲಿ ಇದುವರೆಗೆ ಬಗೆಹರಿದದ್ದು ಪಾಯಿನ್‌ಕರೆ ಊಹೆಯೊಂದೇ. 2002–03ರಲ್ಲಿ ಅದನ್ನು ಸಾಧಿಸಿದ ಗ್ರಿಗೊರಿ ಪೆರೆಲ್ಮನ್ 2010ರಲ್ಲಿ ಆ ಹಣವನ್ನು ಬೇಡವೆಂದುಬಿಟ್ಟರು. ಹಣದ ಮಾತನ್ನು ಇಲ್ಲಿಗೇ ನಿಲ್ಲಿಸಬಹುದು.

ಉಳಿದವುಗಳಲ್ಲಿ ಕಂಪ್ಯೂಟರ್ ಓದಿದವರನ್ನು ಸೆಳೆಯುವುದು ಪಿ ಮತ್ತು ಎನ್‌ಪಿ ಪ್ರಶ್ನೆ. ಕೊಟ್ಟ ಉತ್ತರ ಸರಿಯೇ ಎಂದು ಬೇಗ ಪರೀಕ್ಷಿಸಲು ಬರುವ ಎಲ್ಲ ಸಮಸ್ಯೆಗಳಿಗೂ ಆ ಉತ್ತರವನ್ನು ಬೇಗ ಹುಡುಕಿ ತೆಗೆಯುವ ವಿಧಾನವೂ ಇದೆಯೇ ಎಂಬುದು ಅದರ ತಿರುಳು. ಸ್ಟೀಫನ್ ಕುಕ್ 1971ರಲ್ಲಿ ಇದಕ್ಕೆ ನಿಖರವಾದ ರೂಪ ಕೊಟ್ಟರು. 1972ರಲ್ಲಿ ರಿಚರ್ಡ್ ಕಾರ್ಪ್ ತೀರ ಬೇರೆಬೇರೆಯಾಗಿ ಕಾಣುವ 21 ಸಮಸ್ಯೆಗಳು ಒಂದೇ ಗಂಟಿನ ಎಳೆಗಳೆಂದು ತೋರಿಸಿದರು. ಸೋವಿಯತ್ ಒಕ್ಕೂಟದಲ್ಲಿ ಲಿಯೊನಿಡ್ ಲೆವಿನ್ ಸ್ವತಂತ್ರವಾಗಿ ಇದೇ ವಿಚಾರವನ್ನು ಕಂಡುಕೊಂಡು 1973ರಲ್ಲಿ ಪ್ರಕಟಿಸಿದರು. ಪ್ರಶ್ನೆಯನ್ನು ಅರ್ಥಮಾಡಿಕೊಳ್ಳಲು ಒಂದು ಸಂಜೆ ಸಾಕು, ಹೊಸಬರು ಮೋಸಹೋಗುವುದೂ ಅದರಿಂದಲೇ. ಈ ಪ್ರಶ್ನೆಗೆ ಸಂಬಂಧಿಸಿ ಕಳೆದ ಐವತ್ತು ವರ್ಷಗಳಲ್ಲಿ ದೊರೆತ ಅತ್ಯಂತ ಆಳವಾದ ಫಲಿತಾಂಶಗಳಲ್ಲಿ ಮೂರು, ಯಾವ ಬಗೆಯ ಸಾಧನೆಗಳು (ಗಣಿತದ ರುಜುವಾತುಗಳು) ಇಲ್ಲಿ ಎಂದಿಗೂ ಫಲಿಸಲಾರವು ಎಂಬುದನ್ನೇ ಹೇಳುತ್ತವೆ: 1975ರ ಬೇಕರ್, ಗಿಲ್ ಮತ್ತು ಸೊಲೊವೇ ಅವರ ತಡೆಗೋಡೆ, 1990ರ ದಶಕದ ರಜ್‌ಬೊರೊವ್ ಮತ್ತು ರುಡಿಚ್ ಅವರದು, 2008ರ ಆರನ್ಸನ್ ಮತ್ತು ವಿಗ್ಡರ್ಸನ್ ಅವರದು. ನಿಮ್ಮ ಹೊಸ ಉಪಾಯವು ಈ ಮೂರರಲ್ಲಿ ಯಾವುದಕ್ಕೂ ಸಿಕ್ಕಿಬೀಳುವುದಿಲ್ಲ ಎಂದು ತೋರಿಸಲಾಗದಿದ್ದರೆ ಅದನ್ನು ಪರಿಣತರು ಓದುವುದೂ ಇಲ್ಲ. ಡಚ್ ವಿಶ್ವವಿದ್ಯಾಲಯವೊಂದರಲ್ಲಿದ್ದ ಗೆರ್ಹಾರ್ಡ್ ವೋಗಿಂಗರ್ ಅವರು ಈ ಪ್ರಶ್ನೆ ಬಗೆಹರಿಯಿತೆಂದು ಸಾರಿದ ಪ್ರಬಂಧಗಳ ಪಟ್ಟಿಯೊಂದನ್ನು ವರ್ಷಗಳ ಕಾಲ ಇಟ್ಟಿದ್ದರು. ಅದರಲ್ಲಿ ನೂರಕ್ಕೂ ಹೆಚ್ಚು ನಮೂದುಗಳಿದ್ದು, ಎರಡೂ ಸಮ ಎಂದು ಸಾಧಿಸಿದವರೂ ಸಮವಲ್ಲವೆಂದು ಸಾಧಿಸಿದವರೂ ಧಾರಾಳವಾಗಿದ್ದರು. ನನ್ನ ಎರಡನೆಯ ಅಳತೆಗೋಲಿನಲ್ಲಿ ಈ ಪ್ರಶ್ನೆ ಎಲ್ಲಕ್ಕಿಂತ ಕೆಳಗೆ ನಿಲ್ಲುತ್ತದೆ, ಏಕೆಂದರೆ ಇಲ್ಲಿನ ತಪ್ಪುಗಳು ನೂರು ಪುಟಗಳ ನಡುವೆ ಒಂದು ಸಾಲಿನಲ್ಲಿ ಅಡಗಿರುತ್ತವೆ.

ಅವಿಭಾಜ್ಯ ಸಂಖ್ಯೆಗಳ ಹಂಚಿಕೆಗೆ ಸಂಬಂಧಿಸಿದ 1859ರ ರೀಮನ್ ಊಹೆಯ ಸ್ಥಿತಿ ಇದಕ್ಕಿಂತ ತುಸು ಭಿನ್ನ. ಅಲ್ಲಿ ಮೆಟ್ಟಿಲುಗಳಿವೆ; ಆದರೆ ಮೊದಲ ಮೆಟ್ಟಿಲೇ ಬಹಳ ಎತ್ತರದಲ್ಲಿದೆ. ಲ್ಯಾರಿ ಗತ್ ಮತ್ತು ಜೇಮ್ಸ್ ಮೇನಾರ್ಡ್ 2024ರಲ್ಲಿ ಪ್ರಕಟಿಸಿದ ಫಲಿತಾಂಶವು 1940ರಲ್ಲಿ ಇಂಗಮ್ ಕೊಟ್ಟಿದ್ದ ಮಿತಿಯೊಂದನ್ನು ಎಂಟು ದಶಕಗಳ ಬಳಿಕ ಉತ್ತಮಗೊಳಿಸಿತೆಂದು ಗಣಿತಲೋಕ ಸಂಭ್ರಮಿಸಿತು. ಅದೂ ಕೂಡ ಊಹೆಯ ಸಾಧನೆಗೆ ದೂರದ ನೆಂಟ. ಆ ಊಹೆಯ ವಿಷಯವಾದ ಝೀಟಾ ಫಲನದ ಶೂನ್ಯಗಳನ್ನು (ಅದರ ಬೆಲೆ ಸೊನ್ನೆಯಾಗುವ ಬಿಂದುಗಳನ್ನು) ಕಂಪ್ಯೂಟರಿನಿಂದ ಎಣಿಸುವ ಕೆಲಸ ಈಗಾಗಲೇ 3 ಲಕ್ಷ ಕೋಟಿಯ ಎತ್ತರದವರೆಗೆ ನಡೆದಿದ್ದು, ಇನ್ನಷ್ಟು ಎಣಿಸುವುದರಿಂದ ಒಳನೋಟವೇನೂ ಸಿಗುವಂತಿಲ್ಲ. ಸಂಕೀರ್ಣ ವಿಶ್ಲೇಷಣೆಯನ್ನು ಓದುವ ನೆಪವಾಗಿ ಇದನ್ನು ಆರಿಸಿಕೊಂಡರೆ ಸಂತೋಷ; ಗೆಲ್ಲುವ ಆಸೆಯಿಂದಲಾದರೆ ಬೇಡ. ದ್ರವಗಳ ಹರಿವನ್ನು ವಿವರಿಸುವ ನೇವಿಯರ್–ಸ್ಟೋಕ್ಸ್ ಸಮೀಕರಣಗಳ ಪ್ರಶ್ನೆಗೂ ಇದೇ ಮಾತು ಅನ್ವಯಿಸುತ್ತದೆ.

ಒಂದು ಅಂತಸ್ತು ಕೆಳಗೆ

ಪಿ ಮತ್ತು ಎನ್‌ಪಿ ಪ್ರಶ್ನೆಯ ಮೇಲೆ ಮನಸ್ಸು ನೆಟ್ಟವರಿಗೆ ನಾನು ತೋರಿಸುವುದು ಅದರ ಬೀಜಗಣಿತದ ರೂಪವನ್ನು. ಕೂಡುವ ಮತ್ತು ಗುಣಿಸುವ ದ್ವಾರಗಳನ್ನಷ್ಟೇ ಬಳಸಿ ಒಂದು ಬಹುಪದೋಕ್ತಿಯನ್ನು ಲೆಕ್ಕ ಹಾಕುವ ಜಾಲಕ್ಕೆ ಅಂಕಗಣಿತ ಸರ್ಕ್ಯೂಟ್ ಎನ್ನುತ್ತಾರೆ. ಮಾತೃಕೆಯ ಡಿಟರ್ಮಿನಂಟ್ ನಮಗೆಲ್ಲ ಗೊತ್ತಿದೆ. ಅದರ ಪದಗಳಲ್ಲಿನ ಋಣ ಚಿಹ್ನೆಗಳನ್ನೆಲ್ಲ ಧನವಾಗಿಸಿದರೆ ಸಿಗುವುದು ಪರ್ಮನೆಂಟ್. ಮೊದಲನೆಯದನ್ನು ಸಣ್ಣ ಸರ್ಕ್ಯೂಟ್‌ಗಳಿಂದ ಪಡೆಯಬಹುದು, ಎರಡನೆಯದಕ್ಕೆ ಅಂಥ ಸರ್ಕ್ಯೂಟ್ ಇಲ್ಲವೆಂದು ಸಾಧಿಸಿ ಎಂಬುದು 1979ರಲ್ಲಿ ಲೆಸ್ಲಿ ವೇಲಿಯಂಟ್ ಮುಂದಿಟ್ಟ ಸವಾಲು. ಚಿಹ್ನೆಯಷ್ಟೇ ಬದಲಾದಾಗ ಇಷ್ಟು ಅಂತರ ಏಕೆ ಬರುತ್ತದೆ ಎಂಬುದು ಇಂದಿಗೂ ಗೊತ್ತಿಲ್ಲ.

ಈ ಕ್ಷೇತ್ರವನ್ನು ಮೇಲಕ್ಕೆತ್ತಿ ಹೇಳಲು ಕಾರಣ, ಇಲ್ಲಿ ಮೆಟ್ಟಿಲುಗಳು ಕಣ್ಣಿಗೆ ಕಾಣುವಂತಿವೆ, ಮತ್ತು ಅವುಗಳಲ್ಲಿ ಹಲವನ್ನು ಕಟ್ಟಿದವರು ನಮ್ಮ ಸುತ್ತಮುತ್ತಲಿನವರೇ. ಮಣೀಂದ್ರ ಅಗರ್ವಾಲ್ ಮತ್ತು ಬೆಂಗಳೂರಿನ ವಿ. ವಿನಯ್ 2008ರಲ್ಲಿ, ನಾಲ್ಕೇ ಅಂತಸ್ತುಗಳ ಸರ್ಕ್ಯೂಟ್‌ಗಳಿಗೆ ಸಾಕಷ್ಟು ಬಲವಾದ ಕನಿಷ್ಠ ಮಿತಿ (ಇಷ್ಟಕ್ಕಿಂತ ಚಿಕ್ಕ ಸರ್ಕ್ಯೂಟ್ ಸಾಲದೆಂಬ ಸಾಧನೆ) ಸಿಕ್ಕರೆ ಎಲ್ಲ ಸರ್ಕ್ಯೂಟ್‌ಗಳಿಗೂ ಸಿಕ್ಕಂತೆಯೇ ಎಂದು ತೋರಿಸಿದರು. 2013ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದ ನೀರಜ್ ಕಯಾಲ್ ಮತ್ತು ಸಂಗಡಿಗರು ಆ ನಾಲ್ಕನ್ನು ಮೂರಕ್ಕೆ ಇಳಿಸಿದರು. 2021ರಲ್ಲಿ ನೂತನ್ ಲಿಮಯೆ, ಶ್ರೀಕಾಂತ್ ಶ್ರೀನಿವಾಸನ್ ಮತ್ತು ಸೆಬಾಸ್ಟಿಯನ್ ತವೆನಾ ಅವರು, ಅಂತಸ್ತುಗಳ ಸಂಖ್ಯೆ ಸ್ಥಿರವಾಗಿರುವ ಸರ್ಕ್ಯೂಟ್‌ಗಳಿಗೆಲ್ಲ ಬಹುಪದೀಯ ಗಾತ್ರವನ್ನು (ಅಂದರೆ ಸಮಸ್ಯೆಯ ಅಳತೆಯ ಯಾವುದೇ ಸ್ಥಿರ ಘಾತದಷ್ಟನ್ನು) ಮೀರಿದ ಕನಿಷ್ಠ ಮಿತಿಯನ್ನು ಸಾಧಿಸಿದರು. ಇದೇ ಕಯಾಲ್ ಅವರು ನಿತಿನ್ ಸಕ್ಸೇನಾ ಅವರೊಂದಿಗೆ, ಬಿ.ಟೆಕ್. ಮುಗಿಸಿದ ಹೊಸದರಲ್ಲೇ, 2002ರಲ್ಲಿ ಐಐಟಿ ಕಾನ್ಪುರದಲ್ಲಿ ಅಗರ್ವಾಲರ ಜೊತೆ ಸೇರಿ, ಒಂದು ಸಂಖ್ಯೆ ಅವಿಭಾಜ್ಯವೇ ಎಂದು ಬಹುಪದೀಯ ಸಮಯದಲ್ಲಿ ಖಚಿತವಾಗಿ ಹೇಳುವ ವಿಧಾನವನ್ನು ಕಂಡುಹಿಡಿದವರು. ಆ ಪ್ರಬಂಧದ ಗಣಿತ ಪದವಿ ಮಟ್ಟದ ಓದುಗನಿಗೆ ನಿಲುಕುವಂಥದು. ಈ ದಾರಿಯನ್ನು ಹಿಡಿಯುವ ಮುನ್ನ ಅದನ್ನು ಪೂರ್ತಿ ಓದಿ ಮುಗಿಸುವುದು ಒಳ್ಳೆಯ ಪರೀಕ್ಷೆ: ಓದು ಇಷ್ಟವಾದರೆ ಮುಂದುವರಿಯಬಹುದು, ಬೇಸರವಾದರೆ ಕ್ಷೇತ್ರ ಬದಲಿಸಬಹುದು.

ಇದರ ಪಕ್ಕದಲ್ಲೇ ಮಾತೃಕೆಗಳ ಗುಣಾಕಾರದ ಪ್ರಶ್ನೆ ಇದೆ. ಎರಡು 2×2 ಮಾತೃಕೆಗಳನ್ನು ಗುಣಿಸಲು ಶಾಲೆಯ ವಿಧಾನದಲ್ಲಿ 8 ಗುಣಾಕಾರಗಳು ಬೇಕು. 1969ರಲ್ಲಿ ಫೋಲ್ಕರ್ ಸ್ಟ್ರಾಸೆನ್ 7 ಸಾಕೆಂದು ತೋರಿಸಿದರು, 7ಕ್ಕಿಂತ ಕಡಿಮೆಯಲ್ಲಿ ಆಗದೆಂಬುದೂ ಬೇಗನೆ ತಿಳಿಯಿತು. ಆದರೆ 3×3ಕ್ಕೆ ಬಂದೊಡನೆ ಮನುಷ್ಯನ ಜ್ಞಾನ ನಿಂತುಬಿಡುತ್ತದೆ. 23 ಗುಣಾಕಾರಗಳು ಸಾಕೆಂದು 1976ರಿಂದ ಗೊತ್ತು. 19ಕ್ಕಿಂತ ಕಡಿಮೆ ಸಾಲದೆಂದೂ ಸಾಧಿಸಲಾಗಿದೆ. ನಡುವಿನ ಸತ್ಯ ಯಾವುದೆಂದು ಯಾರಿಗೂ ಗೊತ್ತಿಲ್ಲ. 22 ಗುಣಾಕಾರಗಳ ಒಂದು ಸೂತ್ರ ನಿಮಗೆ ಸಿಕ್ಕಿತೆನ್ನಿ, ಅದನ್ನು ಬಿಡಿಸಿ ಬರೆದು ಪದಗಳನ್ನು ಹೋಲಿಸಿದರೆ ಕ್ಷಣದಲ್ಲಿ ಸರಿತಪ್ಪು ತಿಳಿಯುತ್ತದೆ, ಯಾವ ಪರಿಣತರ ಒಪ್ಪಿಗೆಯೂ ಬೇಕಾಗುವುದಿಲ್ಲ. ಹೀಗೆ ನನ್ನ ಎರಡನೆಯ ಅಳತೆಗೋಲಿನಲ್ಲಿ ಈ ಪ್ರಶ್ನೆಗೆ ಪೂರ್ಣ ಅಂಕ ಸಲ್ಲುತ್ತದೆ. ಇದರ ಅನಾನುಕೂಲವೆಂದರೆ ಸ್ಪರ್ಧೆ: 2022ರಿಂದ ಗೂಗಲ್‌ನ ಡೀಪ್‌ಮೈಂಡ್ ತಂಡದ ಯಂತ್ರಗಳು ಇಂಥ ಸೂತ್ರಗಳ ಹುಡುಕಾಟಕ್ಕೆ ಇಳಿದಿದ್ದು, 4×4 ಮಾತೃಕೆಗಳ ವಿಷಯದಲ್ಲಿ ಹಳೆಯ ದಾಖಲೆಗಳನ್ನು ಮುರಿದಿವೆ. ಕನಿಷ್ಠ ಮಿತಿಯನ್ನು 19ರಿಂದ ಮೇಲೆತ್ತುವ ಕೆಲಸದಲ್ಲಿ ಕಂಪ್ಯೂಟರ್ ಬಲಕ್ಕಿಂತ ಯೋಚನೆಗೇ ಬೆಲೆ ಹೆಚ್ಚಾದ್ದರಿಂದ, ನಾನಾದರೆ ಆ ಬದಿಯಿಂದಲೇ ಪ್ರಾರಂಭಿಸುತ್ತಿದ್ದೆ.

ಕೊಲಾಟ್ಜ್ ಬೇಡ, ಬ್ಯುಸಿ ಬೀವರ್ ಇರಲಿ

ಹವ್ಯಾಸಿಗಳು ಅತಿ ಹೆಚ್ಚಾಗಿ ಆರಿಸುವುದು ಕೊಲಾಟ್ಜ್ ಊಹೆಯನ್ನು. ಸಮಸಂಖ್ಯೆಯಾದರೆ ಅರ್ಧ ಮಾಡಿ, ಬೆಸವಾದರೆ ಮೂರರಿಂದ ಗುಣಿಸಿ ಒಂದು ಕೂಡಿ. ಯಾವ ಸಂಖ್ಯೆಯಿಂದ ಹೊರಟರೂ ಕೊನೆಗೆ 1ಕ್ಕೆ ಬರುತ್ತದೆಯೇ? 27ರಿಂದ ಹೊರಟರೆ 9,232ರವರೆಗೆ ಏರಿ 111 ಹೆಜ್ಜೆಗಳಲ್ಲಿ 1ಕ್ಕೆ ಇಳಿಯುತ್ತದೆ. 2ರ 68ನೇ ಘಾತದವರೆಗಿನ ಸಂಖ್ಯೆಗಳನ್ನೆಲ್ಲ 2020ರ ಹೊತ್ತಿಗೇ ಪರೀಕ್ಷಿಸಿ ಆಗಿದೆ. ಟೆರೆನ್ಸ್ ಟಾವ್ 2019ರಲ್ಲಿ ಸಾಧಿಸಿದ ಫಲಿತಾಂಶವು ಹೆಚ್ಚುಕಡಿಮೆ ಎಲ್ಲ ಸಂಖ್ಯೆಗಳೂ ತಾವಿದ್ದಲ್ಲಿಂದ ಬಹಳ ಕೆಳಕ್ಕೆ ಇಳಿಯುತ್ತವೆ ಎಂದಷ್ಟೇ ಹೇಳುತ್ತದೆ. ಆ ‘ಹೆಚ್ಚುಕಡಿಮೆ’ಯನ್ನು ತೆಗೆದುಹಾಕುವ ಉಪಾಯ ಯಾರ ಬಳಿಯೂ ಇಲ್ಲ. ಪ್ರಶ್ನೆಗೂ ಟಾವ್ ಅವರ ಸಾಧನೆಗೂ ನಡುವೆ ಹವ್ಯಾಸಿ ಕಾಲಿಡಬಹುದಾದ ಮೆಟ್ಟಿಲುಗಳೇ ಕಾಣಿಸುವುದಿಲ್ಲ.

ಸ್ವಭಾವದಲ್ಲಿ ಇದಕ್ಕೆ ಬಹಳ ಹತ್ತಿರವಾದರೂ ಆಯ್ಕೆಯಾಗಿ ಎಷ್ಟೋ ಮೇಲಾದುದು ಬ್ಯುಸಿ ಬೀವರ್ ಪ್ರಶ್ನೆ. ಟಿಬೋರ್ ರಾಡೊ 1962ರಲ್ಲಿ ಇದನ್ನು ಎತ್ತಿದರು: ಖಾಲಿ ಪಟ್ಟಿಯ ಮೇಲೆ ಓಡುವ, ಎರಡೇ ಚಿಹ್ನೆಗಳನ್ನು ಬಳಸುವ ಟ್ಯೂರಿಂಗ್ ಯಂತ್ರಗಳಲ್ಲಿ (ಪಟ್ಟಿಯ ಚೌಕಗಳನ್ನು ಒಂದೊಂದಾಗಿ ಓದುತ್ತ, ಬರೆಯುತ್ತ ಸಾಗುವ ಕಾಲ್ಪನಿಕ ಗಣಕಗಳಲ್ಲಿ), ಸ್ಥಿತಿಗಳ, ಅಂದರೆ ಮುಂದೇನು ಮಾಡಬೇಕೆಂದು ಹೇಳುವ ಒಳನಿಯಮಗಳ ಗುಂಪುಗಳ, ಸಂಖ್ಯೆಯನ್ನು ಗೊತ್ತುಪಡಿಸಿದಾಗ, ಕೊನೆಗೊಮ್ಮೆ ನಿಲ್ಲುವಂಥವು ಅತಿ ಹೆಚ್ಚೆಂದರೆ ಎಷ್ಟು ಹೆಜ್ಜೆ ಓಡಬಲ್ಲವು? ಎರಡು ಸ್ಥಿತಿಗಳಿಗೆ 6, ಮೂರಕ್ಕೆ 21, ನಾಲ್ಕಕ್ಕೆ 107. ಐದು ಸ್ಥಿತಿಗಳಿಗೆ ಸುಮಾರು 63 ಲಕ್ಷ ಕೋಟಿ ಯಂತ್ರಗಳಿವೆ. ಅವುಗಳಲ್ಲಿ 4,71,76,870 ಹೆಜ್ಜೆ ಓಡಿ ನಿಲ್ಲುವ ಯಂತ್ರವೊಂದು 1989ರಲ್ಲೇ ಸಿಕ್ಕಿತ್ತಾದರೂ, ಅದಕ್ಕಿಂತ ಹೆಚ್ಚು ಓಡಿ ನಿಲ್ಲುವುದು ಬೇರೊಂದಿಲ್ಲ ಎಂಬುದು ಸಾಬೀತಾದದ್ದು 2024ರಲ್ಲಿ. ಸಾಧಿಸಿದ್ದು ಅಂತರಜಾಲದಲ್ಲಿ ಕೂಡಿಕೊಂಡ ಒಂದು ಗುಂಪು; ಅದರಲ್ಲಿ ಹಲವರು ವೃತ್ತಿಯಿಂದ ಗಣಿತಜ್ಞರಲ್ಲ, ಕೆಲವರ ನಿಜ ಹೆಸರು ಕೂಡ ಯಾರಿಗೂ ಗೊತ್ತಿಲ್ಲ. ಅದರಿಂದ ಏನೂ ಬಾಧಕವಾಗಲಿಲ್ಲ, ಏಕೆಂದರೆ ಅಂತಿಮ ಸಾಧನೆಯನ್ನು ಕಾಕ್ ಎಂಬ ಸಾಧನಾ ಪರೀಕ್ಷಕ ತಂತ್ರಾಂಶದಲ್ಲಿ ಬರೆದಿದ್ದರು. ಬರೆದವರು ಯಾರು, ಅವರ ಪದವಿ ಯಾವುದು ಎಂದು ಆ ತಂತ್ರಾಂಶ ಕೇಳುವುದಿಲ್ಲ.

ಮುಂದಿನದು ಆರು ಸ್ಥಿತಿಗಳ ಪ್ರಶ್ನೆ. ಇದರ ಪೂರ್ಣ ಉತ್ತರ ಸದ್ಯಕ್ಕೆ ಕೈಗೆ ಸಿಗುವಂಥದಲ್ಲ, ಅದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಆಂಟಿಹೈಡ್ರಾ ಎಂಬ ಅಡ್ಡಹೆಸರಿನ ಒಂದು ಯಂತ್ರ ಮಾಡುವುದಿಷ್ಟು: 8ರಿಂದ ಹೊರಟು, ಪ್ರತಿ ಸಲವೂ ಸಂಖ್ಯೆಗೆ ಅದರ ಅರ್ಧವನ್ನು ಕೂಡಿ ಭಿನ್ನರಾಶಿಯನ್ನು ಬಿಟ್ಟುಬಿಡುತ್ತ ಹೋಗುತ್ತದೆ, ಅಂದರೆ 8, 12, 18, 27, 40, 60, 90, 135, ಹೀಗೆ. ಬೆಸ ಸಂಖ್ಯೆಗಳ ಎಣಿಕೆ ಸಮಸಂಖ್ಯೆಗಳ ಎಣಿಕೆಯ ಎರಡರಷ್ಟನ್ನು ಎಂದಾದರೂ ಮೀರಿದರೆ ಯಂತ್ರ ನಿಲ್ಲುತ್ತದೆ. ಮೀರಲಾರದೆಂದೇ ಎಲ್ಲರ ನಂಬಿಕೆ, ಆದರೆ ಸಾಧನೆ ಇಲ್ಲ. ಇದು ಕೊಲಾಟ್ಜ್‌ನದೇ ರಕ್ತಸಂಬಂಧಿ. ಹೀಗಿದ್ದೂ ನಾನು ಇದನ್ನು ಏಕೆ ಶಿಫಾರಸು ಮಾಡುತ್ತೇನೆಂದರೆ, ಇಲ್ಲಿ ದೊಡ್ಡ ಪ್ರಶ್ನೆಯು ತಾನಾಗಿಯೇ ಒಡೆದು ಸಾವಿರಾರು ಸಣ್ಣ ಪ್ರಶ್ನೆಗಳಾಗಿದೆ. ಇನ್ನೂ ತೀರ್ಮಾನವಾಗದ ಒಂದು ಯಂತ್ರವನ್ನು ಎತ್ತಿಕೊಂಡು, ಅದು ನಿಲ್ಲುವುದಿಲ್ಲವೆಂದು ಸಾಧಿಸಿದರೂ ಅದೊಂದು ಕೊಡುಗೆಯೇ, ಆ ಕೊಡುಗೆ ಎಲ್ಲಿ ದಾಖಲಾಗಬೇಕೆಂಬುದೂ ಗೊತ್ತಿದೆ. ಪ್ರೋಗ್ರಾಂ ಬರೆಯಬಲ್ಲ, ಆದರೆ ಉನ್ನತ ಗಣಿತ ಓದದ ಓದುಗರಿಗೆ ಇದಕ್ಕಿಂತ ಒಳ್ಳೆಯ ಪ್ರವೇಶದ್ವಾರ ನನಗೆ ಗೊತ್ತಿಲ್ಲ.

ಇದೇ ಬಗೆಯಲ್ಲಿ, ಚಿತ್ರ ಬಿಡಿಸುತ್ತ ಯೋಚಿಸುವವರಿಗೆ ಸಮತಲಕ್ಕೆ ಬಣ್ಣ ಹಚ್ಚುವ ಪ್ರಶ್ನೆ ಇದೆ. ಸರಿಯಾಗಿ ಒಂದು ಮಾನ ದೂರದಲ್ಲಿರುವ ಯಾವ ಎರಡು ಬಿಂದುಗಳಿಗೂ ಒಂದೇ ಬಣ್ಣ ಬರದಂತೆ ಇಡೀ ಸಮತಲಕ್ಕೆ ಬಣ್ಣ ಹಚ್ಚಲು ಎಷ್ಟು ಬಣ್ಣಗಳು ಬೇಕು? 1950ರ ಸುಮಾರಿಗೆ ಎದ್ದ ಈ ಪ್ರಶ್ನೆಗೆ 4ಕ್ಕಿಂತ ಕಡಿಮೆಯಿಲ್ಲ, 7ಕ್ಕಿಂತ ಹೆಚ್ಚಿಲ್ಲ ಎಂಬ ಉತ್ತರ ಅರವತ್ತಕ್ಕೂ ಹೆಚ್ಚು ವರ್ಷ ಅಲುಗಾಡಲಿಲ್ಲ. 2018ರಲ್ಲಿ, ಮುಪ್ಪಿನ ಜೀವವಿಜ್ಞಾನವನ್ನು ವೃತ್ತಿಯಾಗಿಸಿಕೊಂಡಿದ್ದ ಆಬ್ರಿ ಡಿ ಗ್ರೇ 1,581 ಶೃಂಗಗಳ ಗ್ರಾಫ್ ಒಂದನ್ನು (ಬಿಂದುಗಳನ್ನು ಗೆರೆಗಳಿಂದ ಕೂಡಿಸಿದ ಜಾಲವನ್ನು) ಕಟ್ಟಿ 4 ಸಾಲದೆಂದು ತೋರಿಸಿದರು. ಉತ್ತರ ಈಗ 5, 6, 7ರಲ್ಲಿ ಒಂದು. ಇಲ್ಲಿಯೂ ಗ್ರಾಫ್ ಕೈಯಲ್ಲಿದ್ದರೆ ಪರೀಕ್ಷೆಯನ್ನು ಕಂಪ್ಯೂಟರ್ ಮಾಡುತ್ತದೆ.

ಭೌತವಿಜ್ಞಾನದ ಕಡೆ ಒಲವಿದ್ದವರಿಗೆ

ಭೌತವಿಜ್ಞಾನದ ಪ್ರಶ್ನೆಗಳಿಗೆ ಕೊನೆಯ ಮಾತು ಹೇಳುವುದು ಪ್ರಯೋಗ, ಪ್ರಯೋಗಕ್ಕೆ ಬೇಕಾದದ್ದು ಹಣ ಮತ್ತು ಹಲವು ದಶಕಗಳು. ಇದನ್ನು ಕರ್ನಾಟಕದವರಿಗೆ ಕೋಲಾರ ಚಿನ್ನದ ಗಣಿಗಿಂತ ಚೆನ್ನಾಗಿ ತಿಳಿಸುವ ಉದಾಹರಣೆ ಬೇರಿಲ್ಲ. ನಂಜನಗೂಡಿನವರಾದ ಬಿ.ವಿ. ಶ್ರೀಕಂಠನ್ ಅವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪರವಾಗಿ 1950ರ ದಶಕದ ಮೊದಲಲ್ಲೇ ಆ ಗಣಿಗಳ ಆಳದಲ್ಲಿ ವಿಶ್ವಕಿರಣಗಳ ಅಳತೆ ಆರಂಭಿಸಿದ್ದರು. 1965ರಲ್ಲಿ ಅಲ್ಲಿ ಭಾರತ, ಜಪಾನ್ ಮತ್ತು ಬ್ರಿಟನ್ನಿನ ತಂಡವು ವಾತಾವರಣದಲ್ಲಿ ಹುಟ್ಟುವ, ಯಾವುದರೊಂದಿಗೂ ಅಪರೂಪಕ್ಕಷ್ಟೇ ತಾಗುವ ನ್ಯೂಟ್ರಿನೊ ಕಣಗಳ ಗುರುತನ್ನು ಕಂಡಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿ ಮತ್ತೊಂದು ತಂಡವೂ ಕಂಡಿತು. 1980ರ ದಶಕದಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಸುಮಾರು 140 ಟನ್ ತೂಕದ ಪತ್ತೆಯಂತ್ರವನ್ನಿಟ್ಟು ಪ್ರೋಟಾನ್ ಎಂದಾದರೂ ಕ್ಷಯಿಸುತ್ತದೆಯೇ ಎಂದು ಹುಡುಕಿದರು. ಕ್ಷಯದಂತೆ ಕಂಡ ಕೆಲವು ಘಟನೆಗಳು ದಾಖಲಾದರೂ ಬೇರೆಡೆಯ ದೊಡ್ಡ ಯಂತ್ರಗಳು ಅವನ್ನು ಸಮರ್ಥಿಸಲಿಲ್ಲ. ಗಣಿಯೇ ಮುಚ್ಚುವ ಹಂತಕ್ಕೆ ಬಂದಾಗ ಪ್ರಯೋಗಾಲಯವೂ ಮುಚ್ಚಿತು. ಜಪಾನಿನಲ್ಲಿ ಇಂದು 50,000 ಟನ್ ನೀರಿನ ಸೂಪರ್ ಕಮಿಯೊಕಾಂಡೆ ಎಂಬ ಪತ್ತೆಯಂತ್ರ ಇದೇ ಪ್ರಶ್ನೆಯನ್ನು ಬೆನ್ನಟ್ಟುತ್ತಿದೆ. ಒಂದೇ ಒಂದು ಪ್ರೋಟಾನ್ ಸಾಯುವುದನ್ನೂ ಕಾಣದೆ, ಅದರ ಆಯುಸ್ಸು 10ರ 34ನೇ ಘಾತದಷ್ಟು ವರ್ಷಗಳಿಗಿಂತ ಹೆಚ್ಚೆಂದು ಹೇಳಿದೆ.

ಆದರೆ ಈ ಕಥೆಗೆ ಇನ್ನೊಂದು ಮುಖವಿದೆ, ಆಯ್ಕೆ ಮಾಡುವವರು ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೂಪರ್ ಕಮಿಯೊಕಾಂಡೆಗೆ ಮೊದಲಿದ್ದ ಕಮಿಯೊಕಾಂಡೆಯನ್ನು ಕಟ್ಟಿದ್ದು ಪ್ರೋಟಾನ್ ಕ್ಷಯವನ್ನು ಹುಡುಕಲು. ಅದು ಕಂಡದ್ದು 1987ರ ಫೆಬ್ರವರಿಯಲ್ಲಿ ಸ್ಫೋಟಿಸಿದ ನಕ್ಷತ್ರದ ನ್ಯೂಟ್ರಿನೊಗಳನ್ನು. ಅದಕ್ಕಾಗಿ ಕೊಶಿಬಾ ಅವರಿಗೆ 2002ರಲ್ಲಿ ನೊಬೆಲ್ ಬಂತು, ನ್ಯೂಟ್ರಿನೊಗಳು ರೂಪ ಬದಲಿಸುತ್ತವೆಂದು ಮುಂದಿನ ಯಂತ್ರದಲ್ಲಿ ಕಂಡದ್ದಕ್ಕೆ ಕಜಿತಾ ಅವರಿಗೆ 2015ರಲ್ಲಿ. ಪ್ರೋಟಾನ್ ಪ್ರಶ್ನೆ ಇದ್ದಲ್ಲೇ ಇದೆ. ದತ್ತಾಂಶ ಹೇರಳವಾಗಿರುವ ಕ್ಷೇತ್ರದಲ್ಲಿ ಹುಡುಕಿದ್ದು ಸಿಗದಿದ್ದರೂ ಬೇರೇನೋ ಸಿಗುವ ಸಂಭವ ಹೆಚ್ಚು. ಶುದ್ಧ ಸಿದ್ಧಾಂತದಲ್ಲಿ ಅಂಥ ಅದೃಷ್ಟ ಅಪರೂಪ.

ಆದುದರಿಂದ ಕಪ್ಪು ದ್ರವ್ಯ, ಕ್ವಾಂಟಮ್ ಗುರುತ್ವ ಮುಂತಾದವುಗಳ ಹೊಸ ಸಿದ್ಧಾಂತವನ್ನು ಮನೆಯಲ್ಲಿ ಕುಳಿತು ಕಟ್ಟುವ ಹಂಬಲವನ್ನು ಬಿಟ್ಟು, ತೆರೆದಿಟ್ಟಿರುವ ದತ್ತಾಂಶದ ಕಡೆ ತಿರುಗುವುದು ಮೇಲು. ಡಚ್ ಶಾಲಾ ಶಿಕ್ಷಕಿ ಹ್ಯಾನಿ ವಾನ್ ಆರ್ಕೆಲ್ 2007ರಲ್ಲಿ ಗ್ಯಾಲಕ್ಸಿ ಝೂ ಎಂಬ ಯೋಜನೆಯಲ್ಲಿ ಗೆಲಾಕ್ಸಿಗಳ ಚಿತ್ರಗಳನ್ನು ವಿಂಗಡಿಸುತ್ತಿದ್ದಾಗ, ಯಾವ ಖಗೋಳಜ್ಞರೂ ಗುರುತಿಸದ ಹೊಸ ಬಗೆಯ ಕಾಯವೊಂದನ್ನು ಕಂಡರು. 2015ರಲ್ಲಿ ಹಾರಿದ ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹದ ದತ್ತಾಂಶ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿರುವ ಇಸ್ರೋ ಕೇಂದ್ರದ ಮೂಲಕ ಸಾರ್ವಜನಿಕರಿಗೆ ದೊರೆಯುತ್ತದೆ. ಅದನ್ನು ಬಳಸಲು ಪೈಥಾನ್ ಮತ್ತು ಸಂಖ್ಯಾಶಾಸ್ತ್ರ ಚೆನ್ನಾಗಿ ಬರಬೇಕು, ಅಷ್ಟೇ ತಾಳ್ಮೆಯೂ ಇರಬೇಕು.

ಕೊಠಡಿಯ ಉಷ್ಣತೆಯಲ್ಲಿ ಕೆಲಸ ಮಾಡುವ ಅತಿವಾಹಕದ (ವಿದ್ಯುತ್ತನ್ನು ತಡೆಯಿಲ್ಲದೆ ಹರಿಸುವ ವಸ್ತುವಿನ) ಹುಡುಕಾಟ ಪ್ರಯೋಗಾಲಯದ ಒಳಗಿರುವವರಿಗೆ ಮಾತ್ರ. 2023ರ ಜುಲೈನಲ್ಲಿ ಕೊರಿಯದಿಂದ ಎಲ್‌ಕೆ-99 ಎಂಬ ವಸ್ತುವಿನ ಸುದ್ದಿ ಬಂದಾಗ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಸೇರಿದಂತೆ ಹಲವೆಡೆ ಅದನ್ನು ತಯಾರಿಸಿ ನೋಡಿದರು. ಕೆಲವೇ ವಾರಗಳಲ್ಲಿ ಅದು ಅತಿವಾಹಕವಲ್ಲವೆಂದು ತೀರ್ಮಾನವಾಯಿತು. ಪ್ರೋಟೀನಿನ ಆಕಾರವನ್ನು ಊಹಿಸುವ ಪ್ರಶ್ನೆಯನ್ನು ಡೀಪ್‌ಮೈಂಡ್ ತಂಡದ ಆಲ್ಫಾಫೋಲ್ಡ್ ತಂತ್ರಾಂಶ 2020ರಲ್ಲಿ ಬಹುಪಾಲು ಬಗೆಹರಿಸಿದ್ದರಿಂದ ಅದರ ಹಳೆಯ ಆಕರ್ಷಣೆ ಈಗ ಉಳಿದಿಲ್ಲ. ಪ್ರೋಟೀನು ಆ ಆಕಾರವನ್ನು ತಲುಪುವ ದಾರಿ ಯಾವುದು ಎಂಬ ಪ್ರಶ್ನೆ ಇನ್ನೂ ಉಳಿದಿದೆ, ಜೀವರಸಾಯನ ವಿಜ್ಞಾನ ಓದಿದವರು ಅದನ್ನು ನೋಡಬಹುದು.

ಹಾಗಾದರೆ ಯಾರಿಗೆ ಯಾವುದು?

ಪ್ರೋಗ್ರಾಂ ಬರೆಯುವುದೇ ನಿಮ್ಮ ಬಲವಾದರೆ ಬ್ಯುಸಿ ಬೀವರ್, ಅದರ ಜೊತೆಗೆ ಕಾಕ್ ಅಥವಾ ಅಂಥದೇ ಪರೀಕ್ಷಕ ತಂತ್ರಾಂಶವಾದ ಲೀನ್ ಕಲಿಕೆ. ರೇಖೀಯ ಬೀಜಗಣಿತ ನಿಜವಾಗಿಯೂ ಇಷ್ಟವಾಗಿದ್ದು, ಎರಡು ವರ್ಷ ಬರೀ ಓದಿನಲ್ಲಿ ಕಳೆಯಲು ಸಿದ್ಧರಿದ್ದರೆ ಅಂಕಗಣಿತ ಸರ್ಕ್ಯೂಟ್‌ಗಳು. ಈ ದಾರಿಯಲ್ಲಿ ಮಾತ್ರ, ಮುಂದೆ ಪಿಎಚ್.ಡಿ. ಮಾಡುವ ಮನಸ್ಸಾದರೆ, ಕಲಿತದ್ದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಓದು ಕಡಿಮೆ, ಪ್ರಯೋಗ ಹೆಚ್ಚು ಇರಲಿ ಎನ್ನುವವರಿಗೆ ಬಣ್ಣದ ಪ್ರಶ್ನೆ ಅಥವಾ 3×3 ಮಾತೃಕೆಗಳು. ಭೌತವಿಜ್ಞಾನದವರಿಗೆ ತೆರೆದ ದತ್ತಾಂಶ. ಒಂದೇ ಸಲಕ್ಕೆ ಎರಡನ್ನು ಹಿಡಿದವರು ಯಾವುದರಲ್ಲೂ ದೂರ ಹೋದದ್ದನ್ನು ನಾನು ಕಂಡಿಲ್ಲ.

ಯಾವುದನ್ನೇ ಆರಿಸಿದರೂ ಮೊದಲ ಕೆಲಸ, ಈಗಾಗಲೇ ಗೊತ್ತಿರುವ ಉತ್ತರವನ್ನು ಸ್ವತಃ ಪಡೆಯುವುದು. ಬ್ಯುಸಿ ಬೀವರ್‌ನಲ್ಲಾದರೆ ಎರಡು ಸ್ಥಿತಿಗಳ 20,736 ಯಂತ್ರಗಳನ್ನೂ ಓಡಿಸಿ, ನಿಲ್ಲದವುಗಳು ನಿಲ್ಲುವುದಿಲ್ಲ ಎಂಬುದಕ್ಕೆ ಕಾರಣ ಕೊಟ್ಟು, 6 ಎಂಬ ಉತ್ತರವನ್ನು ತಲುಪಬೇಕು. ಆಮೇಲೆ ಮೂರು ಸ್ಥಿತಿಗಳ 1,67,77,216 ಯಂತ್ರಗಳಿಗೆ ಅದೇ ಪ್ರೋಗ್ರಾಂ 21 ಎನ್ನಬೇಕು. ನಿಮ್ಮ ಪ್ರೋಗ್ರಾಂ 5 ಮತ್ತು 20 ಎಂದು ಹೇಳಿದರೆ ಗಾಬರಿಯಾಗಬೇಕಿಲ್ಲ: ಯಂತ್ರವು ನಿಲುಗಡೆಯ ಸ್ಥಿತಿಗೆ ಹೋಗುವ ಕೊನೆಯ ಹೆಜ್ಜೆಯನ್ನು ರಾಡೊ ಎಣಿಸುತ್ತಿದ್ದರು, ನೀವು ಎಣಿಸಿರುವುದಿಲ್ಲ.